ಹತ್ತೊಂಬತ್ತನೇ ಫ್ಯಾನಿನ ಬಾಗಿಲು

ಗಾಳಿಯಂತ್ರದ ಕೆಲಸಕ್ಕೆ ಹೊಸದಾಗಿ ಸೇರುವವರು ಹೊಳಲ್ಕೆರೆಯ ನನ್ನ ಮನೆಗೆ ಬಂದಾಗ ಮೊದಲು ಕೇಳುವುದು ಎತ್ತರದ ಬಗ್ಗೆ. "ಮೇಲೆ ಹತ್ತಿದ್ರೆ ತಲೆ ತಿರುಗಲ್ವೇನ್ರಿ?" ತಿರುಗುತ್ತದೆ. ಒಂದು ವಾರ ತಿರುಗುತ್ತದೆ, ಆಮೇಲೆ ಅದಕ್ಕೂ ಬೇಜಾರಾಗಿ ನಿಂತುಬಿಡುತ್ತದೆ. ಏಣಿ ಇರುವುದು ಕಂಬದ ಒಳಗೆ, ಕತ್ತಲಲ್ಲಿ. ಕೆಳಗೆ ಎಷ್ಟು ಆಳ ಅಂತ ಕಾಣುವುದೇ ಇಲ್ಲ. ಈ ಕೆಲಸದಲ್ಲಿ ನಿಜವಾದ ಹೆದರಿಕೆ ಇರುವುದು ಮೇಲಲ್ಲ, ಗುಡ್ಡದ ಬುಡದ ಕಂಟ್ರೋಲ್ ರೂಮಿನಲ್ಲಿ. ಅಲ್ಲಿ ಕೂತವನಿಗೆ ಗುಡ್ಡ ಕಾಣದು, ಗಾಳಿ ತಾಗದು, ಮನುಷ್ಯರು ಕಾಣರು. ಪರದೆಯ ಮೇಲಿನ ಸಾಲುಗಳು ಏನು ಹೇಳುತ್ತವೋ ಅದನ್ನೇ ನಂಬಿಕೊಂಡು ಗುಂಡಿ ಒತ್ತಬೇಕು. ಬಡ್ತಿ, ಸನ್ಮಾನ, ಶಾಲುಗಳ ಕತೆ ನನ್ನ ಹತ್ತಿರ ಹೆಚ್ಚಿಲ್ಲ, ಇದ್ದರೂ ನಿಮಗೆ ಉಪಯೋಗವಿಲ್ಲ. ಆ ಪರದೆಯ ಕತೆ ಹೇಳುತ್ತೇನೆ.

ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವಾಗ ಬಲಗಡೆ ಕಾಣುವ ಗುಡ್ಡದ ಸಾಲಿನಲ್ಲಿ ನಮ್ಮ ಕಂಪನಿಯ ಯಂತ್ರಗಳಿದ್ದವು. ಸುತ್ತಲಿನವರು ಅವಕ್ಕೆ ಫ್ಯಾನು ಅನ್ನುತ್ತಾರೆ, ನಾವೂ ಹಾಗೇ ಅನ್ನುತ್ತಿದ್ದೆವು. ಕಂಬದ ತುದಿಯಲ್ಲಿ ರೆಕ್ಕೆಗಳ ಹಿಂದೆ ಇರುವ ಡಬ್ಬಿಯಂಥ ಕೋಣೆಗೆ ಗೂಡು ಅನ್ನುತ್ತಿದ್ದೆವು. ನಾನು ಸೇರಿದ ಕಾಲಕ್ಕೆ ಮೊಬೈಲ್ ಇರಲಿಲ್ಲ. ಗೂಡಿನಲ್ಲಿ ಮನುಷ್ಯ ಇದ್ದಾನೆ ಅಂತ ತಿಳಿಸಲು ಕಿಟಕಿಯಿಂದ ಕೆಂಪು ಬಟ್ಟೆ ಇಳಿಬಿಡುತ್ತಿದ್ದೆವು. ಒಮ್ಮೆ ನಾನು ಆ ಬಟ್ಟೆಯನ್ನು ಅಲ್ಲೇ ಮರೆತು ಇಳಿದು ಮನೆಗೆ ಹೋಗಿ ಉಂಡು ಮಲಗಿದೆ. ಪಾಪ, ಆ ಫ್ಯಾನು ಒಂದು ದಿನವಿಡೀ ನಿಂತೇ ಇತ್ತು, ಒಳಗೆ ಯಾರೂ ಇಲ್ಲದೆ. ಆ ಬೈಗುಳ ಈಗಲೂ ಕಿವಿಯಲ್ಲಿದೆ. ಆದರೆ ಬಟ್ಟೆ ಸುಳ್ಳು ಹೇಳಿದಾಗ ಯಂತ್ರ ನಿಂತಿತ್ತು, ಅಷ್ಟೆ. ಪರದೆ ಸುಳ್ಳು ಹೇಳಿದರೆ ಯಂತ್ರ ತಿರುಗುತ್ತದೆ.

ನನ್ನ ಜೊತೆ ಅದೇ ದಿನ ಕೆಲಸಕ್ಕೆ ಸೇರಿದವನು ಹರಿಯಬ್ಬೆಯ ಪರಮೇಶಿ. ಒಂದೇ ಬುತ್ತಿಯಲ್ಲಿ ಉಂಡವರು ನಾವು. ಒಂದು ಆಷಾಢದ ಮಧ್ಯಾಹ್ನ ಅವನು ಹತ್ತೊಂಬತ್ತನೇ ಫ್ಯಾನಿಗೆ ಹತ್ತಿ, ಗೂಡಿನ ಬಾಗಿಲು ತೆರೆದು ಒಳಗೆ ಹೋದ. ಗೂಡಿನಲ್ಲಿದ್ದ ಎಣ್ಣೆಗೆ ಬೆಂಕಿ ಹಿಡಿಯಿತು. ಅಷ್ಟು ಎತ್ತರಕ್ಕೆ ನೀರು ಏರಿಸುವವರು ಯಾರು? ಕೆಳಗೆ ನಿಂತು ನೋಡಿದೆವು. ಅದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಸುಟ್ಟ ಯಂತ್ರವನ್ನು ಕಂಪನಿ ಇಳಿಸಿತು, ಕಂಬವನ್ನೂ ಕತ್ತರಿಸಿ ಸಾಗಿಸಿತು. ಉಳಿದದ್ದು ಒಂದು ದುಂಡು ಕಾಂಕ್ರೀಟ್ ಕಟ್ಟೆ, ಅದರ ಅಂಚಿಗೆ ಸುತ್ತಲೂ ಎದ್ದು ನಿಂತ ಬೋಲ್ಟುಗಳು. ನಮ್ಮ ಗುಡ್ಡದಲ್ಲಿ ಬಿಸಿಲೇರಿದರೆ ಕುರಿಗಳು ಕಂಬದ ನೆರಳಿನಲ್ಲಿ ಸಾಲಾಗಿ ಮಲಗುತ್ತವೆ. ನೆರಳು ಸರಿದಂತೆ ಅವೂ ಎದ್ದು ಸರಿದು ಮತ್ತೆ ಮಲಗುತ್ತವೆ. ಒಂದು ದಿನ ನಾನು ಹತ್ತೊಂಬತ್ತರ ಹತ್ತಿರ ಹಾದು ಹೋಗುವಾಗ ಬಟ್ಟಬಯಲಿನಲ್ಲಿ, ಉರಿ ಬಿಸಿಲಲ್ಲಿ, ಕುರಿಗಳು ಗೆರೆ ಎಳೆದಂತೆ ಸಾಲಾಗಿ ಮಲಗಿದ್ದವು. ಅಲ್ಲಿ ಕಂಬವೂ ಇಲ್ಲ, ನೆರಳೂ ಇಲ್ಲ. ಕುರಿ ಕಾಯುವ ಅಜ್ಜನನ್ನು ಕೇಳಿದೆ. "ಹಳೇ ಕುರಿ ಕಣಪ್ಪ, ರೂಢಿ ಬಿಟ್ಟಿಲ್ಲ," ಅಂದ. ಇರಬಹುದು. ಆದರೆ ಸ್ವಲ್ಪ ಹೊತ್ತಾದ ಮೇಲೆ ಅವು ಎದ್ದು, ಎಲ್ಲವೂ ಒಟ್ಟಿಗೆ, ಒಂದು ಮಾರು ಪೂರ್ವಕ್ಕೆ ಸರಿದು ಮತ್ತೆ ಮಲಗಿದವು. ನಾನು ಹಿಂದೆ ನೋಡದೆ ಇಳಿದೆ.

ಕಂಬ ಹೋದರೂ ಪರದೆಯಿಂದ ಹತ್ತೊಂಬತ್ತನೇ ಸಾಲು ಹೋಗಲಿಲ್ಲ. ಯಾವ ಫ್ಯಾನು ಮಾತಾಡುವುದನ್ನು ನಿಲ್ಲಿಸುತ್ತದೋ ಅದರ ಸಾಲು ಬೂದಿ ಬಣ್ಣಕ್ಕೆ ತಿರುಗುತ್ತದೆ, ಅದು ಕೊನೆಗೆ ಹೇಳಿದ ಮಾತು ಹಾಗೇ ಉಳಿಯುತ್ತದೆ. ಹತ್ತೊಂಬತ್ತು ಕೊನೆಗೆ ಹೇಳಿದ್ದು 'ಡೋರ್ ಓಪನ್'. ಆ ಸಾಲನ್ನು ಅಳಿಸುವುದು ಹೇಗೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪರಮೇಶಿಯ ತಮ್ಮ ನಾಗರಾಜನಿಗೆ ಕಂಪನಿ ಕೆಲಸ ಕೊಟ್ಟಿತು. ಎಲ್ಲಿ ಗೊತ್ತೇ? ಅದೇ ಕಂಟ್ರೋಲ್ ರೂಮಿನಲ್ಲಿ, ಅದೇ ಪರದೆಯ ಮುಂದೆ. ಅಣ್ಣ ತೆರೆದ ಬಾಗಿಲನ್ನು ದಿನಾ ನೋಡುತ್ತಾ ಕೂರುವ ಕೆಲಸ. ಒಮ್ಮೆ ಆ ಸಾಲಿನ ಮೇಲೆ ಕಾಗದದ ಚೂರು ಅಂಟಿಸಿದ್ದ, ಇಂಜಿನಿಯರ್ ಸಾಹೇಬರು ಕೀಳಿಸಿದರು. ಆಮೇಲೆ ಅವನು ಕುರ್ಚಿಯನ್ನು ಓರೆ ಮಾಡಿಕೊಂಡು, ಅರ್ಧ ಗೋಡೆಯ ಕಡೆ ಮುಖ ಮಾಡಿ ಕೂರಲು ಶುರು ಮಾಡಿದ. ವರ್ಷಗಟ್ಟಲೆ ಹಾಗೇ ಕೂತ.

ನಾನು ನಿವೃತ್ತನಾಗುವ ಮುಂಚಿನ ಸಂಕ್ರಾಂತಿಗೆ ಸರಿಯಾಗಿ ಮಂಜುಳ ಬಂದಳು. ಯಲ್ಲದಕೆರೆಯವಳು, ಐಟಿಐ ಮುಗಿಸಿದ್ದಳು, ನಮ್ಮ ಗುಡ್ಡ ಹತ್ತಿದ ಮೊದಲ ಹೆಣ್ಣುಮಗಳು. ಏಣಿಯಲ್ಲಿ ನಮಗಿಂತ ಚುರುಕು. ಸ್ಪ್ಯಾನರ್ ಹಿಡಿದರೆ ಬೋಲ್ಟೇ ಹೆದರಬೇಕು. ಆದರೆ ಎರಡೇ ಅಂಕಿಯ ಲೆಕ್ಕ, ಅದೇ ಬೈನರಿ, ಅವಳ ತಲೆಗೆ ಹತ್ತಲಿಲ್ಲ.

ಅದು ಬಾರದೆ ನಮ್ಮಲ್ಲಿ ನಡೆಯದು. ಪ್ರತಿ ಫ್ಯಾನಿನ ಬುಡದಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ಒಂದು ಎಲೆಕ್ಟ್ರಾನಿಕ್ ಕಾರ್ಡು, ಕಾರ್ಡಿನ ಮೇಲೆ ಅಕ್ಕಿಕಾಳಿನಷ್ಟು ಚಿಕ್ಕ ಐದು ಸ್ವಿಚ್ಚು. ಆ ಐದರಲ್ಲಿ ಯಾವುದು ಹಾಕಿದೆ, ಯಾವುದು ಬಿಟ್ಟಿದೆ ಅನ್ನುವುದೇ ಆ ಫ್ಯಾನಿನ ಹೆಸರು. ಕಂಟ್ರೋಲ್ ರೂಮು ಹೆಸರು ಹಿಡಿದು ಕೂಗುತ್ತದೆ, ಆ ಹೆಸರಿನ ಫ್ಯಾನು ಓಗೊಡುತ್ತದೆ. ಕಾರ್ಡು ಸುಟ್ಟರೆ ಹೊಸದು ಹಾಕಿ ಮತ್ತೆ ಹೆಸರಿಡಬೇಕು.

ನನಗೆ ಕಲಿಸಿದ ಹಳೆಯ ಇಂಜಿನಿಯರು "ಹಾಕಿದರೆ ಒಂದು, ಬಿಟ್ಟರೆ ಸೊನ್ನೆ, ತಿಳೀತಲ್ಲ?" ಅಂದು ಚಹಾ ಕುಡಿಯಲು ಹೋಗಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ, ಕೋಣ ನಾನೇ. ಅದಕ್ಕೇ ಇವಳಿಗೆ ತಾಳ್ಮೆಯಿಂದ ಹೇಳಬೇಕು ಅಂತ ಕೂತೆ. ದೀಪ ಹಚ್ಚಿ ಆರಿಸಿದೆ, ಬೆರಳು ಮಡಿಸಿ ತೋರಿಸಿದೆ, ಕಡ್ಡಿ ಜೋಡಿಸಿದೆ.

"ಸಾರ್, ಎರಡನ್ನ ಒಂದು ಸೊನ್ನೆ ಅಂತ ಬರೆದ್ರೆ ಅದು ಹತ್ತಲ್ಲೇನ್ರಿ?"

"ಇಲ್ಲಿ ಅದು ಎರಡಮ್ಮ."

"ಹಂಗಾರೆ ಹತ್ತು ಎಲ್ಲಿಗೆ ಹೋತು?"

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಈಗಿನ ಇಂಜಿನಿಯರ್ ಸಾಹೇಬರು ಕೆಟ್ಟವರಲ್ಲ, ಅವಸರದವರು. "ತಿಪ್ಪೇಸ್ವಾಮಿ, ಆರು ತಿಂಗಳ ಟ್ರೈನಿಂಗ್ ಮುಗೀತಾ ಬಂತು. ಅವಳ ಕೈಲಿ ಕಾರ್ಡ್ ಹಾಕೋಕಾಗದಿದ್ರೆ ಕಳಿಸಿಬಿಡಿ," ಅಂದಿದ್ದರು. ಅದನ್ನು ಅವಳು ಬಾಗಿಲಾಚೆ ನಿಂತು ಕೇಳಿಸಿಕೊಂಡಿದ್ದಳು. ಅವಳ ತಾಯಿ ಹಿರಿಯೂರಿನ ಸಂತೆಯಲ್ಲಿ ಶೇಂಗಾ, ಹುರಿಗಡಲೆ ಅಳೆದು ಮಾರುತ್ತಿದ್ದಳು. ಮಂಡಿನೋವಿಗೆ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಮನೆ ನಿಂತಿದ್ದು ಇವಳ ಕೆಲಸದ ಮೇಲೆ.

ಕೊನೆಗೆ ನಾನು ಸುಮ್ಮನೆ ಕಾಗದದ ಮೇಲೆ ಐದು ಬೆಲೆ ಬರೆದೆ. ಹದಿನಾರು, ಎಂಟು, ನಾಲ್ಕು, ಎರಡು, ಒಂದು. ಒಂದೊಂದೂ ಹಿಂದಿನದರ ಅರ್ಧ, ಒಂದೊಂದನ್ನೂ ಒಂದೇ ಸಲ ಬಳಸಬೇಕು, ಇಲ್ಲವೇ ಬಿಡಬೇಕು ಅಂದೆ. ಅವಳು ಒಂದೊಂದರ ಮೇಲೂ ಬೆರಳಿಟ್ಟು ಓದಿದಳು.

"ಸಾರ್, ಇದು ನಮ್ಮವ್ವನ ಅಳತೆ ಕಣ್ರಿ."

"ಯಾವ ಅಳತೆ?"

"ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು. ಸೇರಿಗೆ ಹದಿನಾರು ಚಟಾಕು. ನೀವು ಬರೆದಿರೋದು ಅದೇ ಅಲ್ಲೇನ್ರಿ?"

ಅದೇ. ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. "ಹಂಗಾರೆ ಇಪ್ಪತ್ತೈದು ಚಟಾಕು ಅಳಿ ನೋಡಾಣ," ಅಂದೆ. ಅವಳು ಗಾಳಿಯಲ್ಲೇ ಕೈಯಾಡಿಸಿ ಅಳೆದಳು. ಒಂದು ಸೇರು, ಒಂದು ಅಚ್ಚೇರು, ಪಾವು ಬೇಡ, ಅರೆಪಾವು ಬೇಡ, ಒಂದು ಚಟಾಕು. ಕಾಗದದ ಮೇಲೆ ಒಂದು, ಒಂದು, ಸೊನ್ನೆ, ಸೊನ್ನೆ, ಒಂದು. ಸರಿಯಾಗಿತ್ತು. ಮೊದಲ ಅಳತೆ ಸುರಿಯುವಾಗ ಅವಳು 'ಒಂದು' ಅನ್ನಲಿಲ್ಲ, 'ಲಾಭ' ಅಂದಳು. ಕಣದಲ್ಲಾಗಲಿ ಸಂತೆಯಲ್ಲಾಗಲಿ ಅಳೆಯುವವರೆಲ್ಲ ಹಾಗೇ ಅನ್ನುವುದು. "ಲಾಭ ಅಂತ ದೊಡ್ಡ ಅಳತೆಲೇ ಶುರು ಮಾಡಬೇಕಂತೆ ಸಾರ್. ಚಟಾಕಿಂದ ಶುರು ಮಾಡಿದ್ರೆ ಮನೇಲಿ ಬರ ಬೀಳುತ್ತೆ ಅಂತಾಳೆ ನಮ್ಮವ್ವ." ನಾನು ನಕ್ಕೆ. ಯಾವ ಅಂಕಿ ಕೇಳಿದರೂ ಥಟ್ಟನೆ ಬರೆದಳು. ಸಾಹೇಬರಿಗೆ ಫೋನು ಮಾಡಿ, ಹುಡುಗಿ ತಯಾರು ಅಂದೆ.

ನಾಲ್ಕು ದಿನಕ್ಕೆ ಇಪ್ಪತ್ತೈದನೇ ಫ್ಯಾನಿನ ಕಾರ್ಡು ಸುಟ್ಟಿತು. ಮಂಜುಳ ಒಬ್ಬಳೇ ಹಾಕಲಿ ಅಂತ ಕಳಿಸಿದೆ. ಜೊತೆಗೆ ರುದ್ರಣ್ಣ, ಮೂವತ್ತು ವರ್ಷದ ಅನುಭವಸ್ಥ, ತನಗೆ ಗೊತ್ತಿಲ್ಲದ್ದು ಏನೂ ಇಲ್ಲ ಅನ್ನುವ ಆಸಾಮಿ. ಮನುಷ್ಯ ಮೇಲೆ ಹತ್ತಿದರೆ ಬುಡದಲ್ಲಿ ಒಂದು ಕೀಲಿ ತಿರುಗಿಸಬೇಕು, ಆಮೇಲೆ ಕಂಟ್ರೋಲ್ ರೂಮಿನಿಂದ ಯಾರು ಏನು ಒತ್ತಿದರೂ ಫ್ಯಾನು ಅಲುಗದು. ಆದರೆ ಹೊಸ ಕಾರ್ಡು ಪರೀಕ್ಷೆ ಮಾಡುವಾಗ ಆ ಕೀಲಿ ಹಾಕುವಂತಿಲ್ಲ, ಹಾಕಿದರೆ ಕಾರ್ಡು ನಮ್ಮ ಜೊತೆ ಮಾತಾಡದು. ಅದಕ್ಕೇ ಪರೀಕ್ಷೆ ಮುಗಿಯುವವರೆಗೆ ಯಾರೂ ಹತ್ತಬಾರದು. ಹೆಚ್ಚಿನ ಭದ್ರತೆಗೆ ನಾಗರಾಜ ಪರದೆಯಲ್ಲಿ ಇಪ್ಪತ್ತೈದನೇ ಸಾಲಿಗೆ ಬೀಗದ ಗುರುತು ಹಾಕಿದ, ಅದಿದ್ದರೆ ಆ ಸಾಲಿಗೆ ಚಾಲೂ ಒತ್ತಲಾಗದು. ನಾನು ಅವನ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದೆ. ಹೊರಗೆ ಮೋಡ ಕವಿದು ಮಧ್ಯಾಹ್ನವೇ ಮುಸ್ಸಂಜೆಯಂತಿತ್ತು. ಗಾಳಿಗೆ ತಗಡಿನ ಚಾವಣಿ ಒಂದೇ ಸಮನೆ ನರಳುತ್ತಿತ್ತು.

ಹತ್ತೊಂಬತ್ತನೇ ಸಾಲು ಹಸಿರಾಯಿತು.

ಮೊದಲು ನೋಡಿದವನು ನಾನು. ನಾಗರಾಜ ಎಂದಿನಂತೆ ಗೋಡೆಯ ಕಡೆ ತಿರುಗಿದ್ದ. ನನ್ನ ಲೋಟ ಅರ್ಧದಲ್ಲಿ ನಿಂತದ್ದು ನೋಡಿ ಅವನೂ ತಿರುಗಿದ. ಆ ಸಾಲಿನಲ್ಲಿ ಗಾಳಿಯ ವೇಗ ಬಂತು. ಮುಖ ಪಶ್ಚಿಮಕ್ಕೆ ಅಂತ ಬಂತು. ಚಾಲೂ ಮಾಡಲು ಸಿದ್ಧ ಅಂತ ಬಂತು. ಬಾಗಿಲಿನ ಜಾಗದಲ್ಲಿ, ಅಷ್ಟು ವರ್ಷ 'ಡೋರ್ ಓಪನ್' ಇದ್ದಲ್ಲಿ, 'ಡೋರ್ ಕ್ಲೋಸ್ಡ್' ಅಂತ ಬಂತು. ಸ್ವಲ್ಪ ಹೊತ್ತಿಗೆ ಅದು ಬದಲಾಯಿತು. ಡೋರ್ ಓಪನ್.

"ಹತ್ತಿ ಒಳಗೆ ಹೋದ," ಅಂದ ನಾಗರಾಜ.

ಬರೀ ಕಟ್ಟೆ ಇರುವ ಜಾಗ. ಬೋಲ್ಟು ಬಿಟ್ಟರೆ ಏನೂ ಇಲ್ಲ. ಬುದ್ಧಿ ಹೇಳಬೇಕಾದವನು ನಾನು, ಹಿರಿಯ, ಅನುಭವಸ್ಥ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನಾನು ನೆನೆಸಿಕೊಂಡಿದ್ದು ಕಾರ್ಡನ್ನಲ್ಲ, ಸ್ವಿಚ್ಚನ್ನಲ್ಲ, ಬಿಸಿಲಲ್ಲಿ ಸಾಲಾಗಿ ಮಲಗಿದ್ದ ಆ ಕುರಿಗಳನ್ನು.

"ಚಾಲೂ ಒತ್ತಿ ನೋಡಾಣಣ್ಣ," ಅಂದ ನಾಗರಾಜ. "ಇಲ್ಲದ ಫ್ಯಾನು ಹೆಂಗೆ ತಿರುಗುತ್ತೆ? ಒತ್ತಿದ್ರೆ ಉತ್ತರ ಬರಲ್ಲ. ಬರದಿದ್ರೆ ಇದು ವೈರಿನ ದೋಷ ಅಂತ ಆಗುತ್ತೆ."

ಮಾತು ಸರಿಯಾಗಿಯೇ ಇತ್ತು. ಇಲ್ಲದ ಯಂತ್ರಕ್ಕೆ ಏನಾಗುತ್ತದೆ? ಒತ್ತು ಅನ್ನಲು ನಾನೂ ಬಾಯಿ ತೆರೆದಿದ್ದೆ. ಅವನು ಅಷ್ಟರಲ್ಲಿ ಒತ್ತಿಯೇಬಿಟ್ಟ. ನಮ್ಮ ಹಳೆಯ ಪರದೆಗೆ ಒಂದು ಪುಣ್ಯದ ಗುಣವಿತ್ತು, ಖಚಿತವೇ ಅಂತ ಇನ್ನೊಮ್ಮೆ ಕೇಳುತ್ತಿತ್ತು. ಅದು ಕೇಳಿತು. ನಾಗರಾಜನ ಬೆರಳು ಮೌಸಿನ ಮೇಲೇ ಇತ್ತು.

ನನ್ನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮಂಜುಳ.

"ಸಾರ್, ಕಾರ್ಡ್ ಹಾಕೀನ್ರಿ. ಇಪ್ಪತ್ತೈದು ಬಂತೇನ್ರಿ?"

ಇಪ್ಪತ್ತೈದನೇ ಸಾಲು ಬೂದಿ ಬಣ್ಣದಲ್ಲೇ ಇತ್ತು. "ಇಲ್ಲಮ್ಮ. ರುದ್ರಣ್ಣ ಎಲ್ಲಿ?"

"ಮೇಲೆ ಹತ್ತವ್ರೆ ಸಾರ್. ಬ್ಯಾಡ ಅಂದೆ, ಕೇಳಲಿಲ್ಲ. ಈ ಗಾಳೀಲಿ ಸುಮ್ನೆ ಯಾರು ಕಾಯ್ತಾರೆ, ನೀನು ನೋಡ್ಕಳೊದ್ರಾಗೆ ಗ್ರೀಸ್ ಹಾಕಿ ಬರ್ತೀನಿ ಅಂದ್ರು. ಈಗ ಗೂಡಿನ ಬಾಗಿಲು ತೆಗೆದ ಸದ್ದು ಬಂತು."

"ಸ್ವಿಚ್ಚು ಹೆಂಗೆ ಹಾಕ್ದೆ? ಎಡದಿಂದ ಹೇಳು."

"ಕಲಿತಂಗೇ ಸಾರ್. ಮೊದಲನೇದು ಸೇರು, ಲಾಭ, ಹಾಕೀನಿ. ಎರಡನೇದು ಅಚ್ಚೇರು, ಹಾಕೀನಿ. ಪಾವು, ಅರೆಪಾವು ಬಿಟ್ಟೀನಿ. ಕೊನೇದು ಚಟಾಕು, ಹಾಕೀನಿ."

ಕಾರ್ಡು ಮಾಡಿದವರಿಗೆ ಸಂತೆ ಗೊತ್ತಿಲ್ಲ. ಅವರು ಮೊದಲನೇ ಸ್ವಿಚ್ಚಿಗೇ ಚಟಾಕು ಇಟ್ಟಿದ್ದಾರೆ, ಸೇರು ಇರುವುದು ಕೊನೆಗೆ. ಹಾಗೆ ಓದಿದರೆ ಅವಳು ಹಾಕಿದ್ದು ಒಂದು ಚಟಾಕು, ಒಂದು ಅರೆಪಾವು, ಒಂದು ಸೇರು. ಒಂದು, ಎರಡು, ಹದಿನಾರು. ಕೂಡಿದರೆ ಹತ್ತೊಂಬತ್ತು. ಬೀಗ ಇದ್ದದ್ದು ಇಪ್ಪತ್ತೈದರ ಹೆಸರಿಗೆ.

ನಾನು ನಾಗರಾಜನ ಮಣಿಕಟ್ಟು ಹಿಡಿದುಕೊಂಡೆ. "ಒತ್ತಬ್ಯಾಡಲೇ. ಒಳಗೆ ಮನುಷ್ಯ ಅವ್ನೆ."

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು ಕಣಣ್ಣ," ಅಂದ. "ನಮ್ಮಣ್ಣ. ಇಷ್ಟು ವರ್ಷ ಒಳಗೇ ಕುಂತವ್ನೆ. ತಿರುಗಿಸಿದ್ರೆ ಬಿಟ್ಟು ಹೋಗ್ತಾನೆ."

ಆಗ ತಿಳಿಯಿತು ನನಗೆ, ವೈರಿನ ದೋಷದ ಮಾತೆಲ್ಲ ಬರೀ ಬಾಯಿಮಾತು. "ನಿಮ್ಮಣ್ಣ ಅಲ್ಲಪ್ಪ ಅದು, ರುದ್ರಣ್ಣ. ಇದು ಇಪ್ಪತ್ತೈದು, ಹೆಸರು ತಪ್ಪಿ ಕೂತೈತೆ," ಅಂದೆ. ಮೂರು ಸಲ ಹೇಳಿದೆ. ಮೂರನೇ ಸಲಕ್ಕೆ ಅವನ ಬೆರಳು ಮೌಸಿನಿಂದ ಜಾರಿತು. ಅವನು ಟೇಬಲಿನ ಮೇಲೆ ತಲೆಯಿಟ್ಟ. ನಾನೇ ಬಗ್ಗಿ ಬೇಡ ಅನ್ನುವ ಗುಂಡಿ ಒತ್ತಿದೆ.

ಮಂಜುಳ ಇನ್ನೂ ಫೋನಿನಲ್ಲೇ ಇದ್ದಳು. ಅವಳಿಗೆ ಅರ್ಧ ಅರ್ಥವಾಗಿತ್ತು. "ಸ್ವಿಚ್ಚು ಮುಟ್ಟಬೇಡ. ಮೊದಲು ರುದ್ರಣ್ಣನ್ನ ಇಳಿಸು," ಅಂದೆ. ಅವಳು ಕೆಳಗಿನಿಂದ ಕೂಗಿದಳು. ಗಾಳಿಯ ಸದ್ದಿಗೆ ಅವನಿಗೆ ಕೇಳಲಿಲ್ಲ. ಬೆಲ್ಟು ಹಾಕಿಕೊಂಡು ಹತ್ತಿ ಹೋಗಿ ಕರೆತಂದಳಂತೆ. ರುದ್ರಣ್ಣ ಆಗ ರೆಕ್ಕೆಯ ದಂಡದ ಕೆಳಗೆ ತೋಳು ತೂರಿಸಿ ಗ್ರೀಸ್ ಬಳಿಯುತ್ತಿದ್ದ. ದಂಡ ತಿರುಗದಂತೆ ಹಾಕಬೇಕಾದ ತಡೆಗೂಟ ಪಕ್ಕದಲ್ಲೇ ಬಿದ್ದಿತ್ತು. ಐದು ನಿಮಿಷದ ಕೆಲಸಕ್ಕೆ ಗೂಟ ಯಾಕೆ ಅಂತ ಅವನ ಲೆಕ್ಕ. ಕೆಳಗಿಳಿದು ವಿಷಯ ಕೇಳಿದ ಮೇಲೆ ಆ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತವನು ಸಂಜೆಯವರೆಗೂ ಬಿಡಲಿಲ್ಲ.

ಅವನು ಇಳಿದ ಮೇಲೆ ಮಂಜುಳ ಕಾರ್ಡಿನ ಕರೆಂಟು ತೆಗೆದು, ನಾನು ಫೋನಿನಲ್ಲಿ ಹೇಳಿದಂತೆ ಸ್ವಿಚ್ಚುಗಳನ್ನು ಕೊನೆಯಿಂದ ಮೊದಲಿಗೆ ತಿರುವಿದಳು. ಇಪ್ಪತ್ತೈದು ಹಸಿರಾಯಿತು, ಹತ್ತೊಂಬತ್ತು ಬೂದಿಯಾಯಿತು. ನಾನು ಅಷ್ಟೇ ನೋಡಿ ಹೊರಗೆ ಬಂದುಬಿಟ್ಟೆ. ಆ ಸಂಜೆ ಗುಡ್ಡ ಹತ್ತಿ ರುದ್ರಣ್ಣನನ್ನು ನೋಡಿ, ಹತ್ತೊಂಬತ್ತರ ಕಟ್ಟೆಯ ಪಕ್ಕದಲ್ಲೇ ಇಳಿಯುವಾಗ, ಬೇಡ ಬೇಡ ಅಂದುಕೊಂಡೇ ತಿರುಗಿ ನೋಡಿದೆ. ಕುರಿಗಳು ಸಾಲು ಮುರಿದು ಕಟ್ಟೆಯ ಮೇಲೆ, ಬೋಲ್ಟುಗಳ ನಡುವೆ, ಹೇಗೆಂದರೆ ಹಾಗೆ ಮಲಗಿದ್ದವು. ಮೋಡದ ದಿನ, ಅದಕ್ಕೇ ಇರಬೇಕು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಸಾಹೇಬರು ಬಂದರು. ನಾನು ಇದ್ದದ್ದು ಇದ್ದಂತೆ ಹೇಳಿದೆ. ರುದ್ರಣ್ಣನಿಗೆ ಮೊದಲು ಮಂಗಳಾರತಿಯಾಯಿತು, ಆಮೇಲೆ ನನಗೆ. ಕೊನೆಗೆ ಮಂಜುಳಳ ಕಡೆ ತಿರುಗಿ, "ಒಂದು ಜೀವ ಹೋಗ್ತಿತ್ತಮ್ಮ. ನಿನ್ನನ್ನ ಇಟ್ಕೊಂಡು ನಾನು ಮೇಲಿನವರಿಗೆ ಏನಂತ ಹೇಳಲಿ?" ಅಂದರು. ಅವಳು ಗುರುತಿನ ಚೀಟಿಯನ್ನು ಕೊರಳಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು.

ಆಗ ನಾಗರಾಜ ಎದ್ದ. ಸಾಹೇಬರ ಮುಂದೆ ಅವನು ಬಾಯಿ ಬಿಟ್ಟದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಸಾರ್, ಅವಳನ್ನ ಕಳಿಸಬ್ಯಾಡ್ರಿ. ಇಲ್ಲಿ ಬಂದು ನೋಡ್ರಿ."

ನಾವೆಲ್ಲ ಪರದೆಯ ಹತ್ತಿರ ಹೋದೆವು. ಹತ್ತೊಂಬತ್ತನೇ ಸಾಲು ಬೂದಿಯಾಗಿ, ಸದ್ದಿಲ್ಲದೆ, ಎಂದಿನಂತೆ ಅಲ್ಲೇ ಇತ್ತು. ಅದರ ತುದಿಯಲ್ಲಿ 'ಡೋರ್ ಕ್ಲೋಸ್ಡ್' ಅಂತಿತ್ತು. ರುದ್ರಣ್ಣನನ್ನು ಇಳಿಸಿಕೊಂಡು ಬರುವಾಗ ಮಂಜುಳ ಗೂಡಿನ ಬಾಗಿಲು ಎಳೆದುಕೊಂಡಿದ್ದಳು, ಸ್ವಿಚ್ಚು ಬದಲಿಸಿದ್ದು ಅದಾದ ಮೇಲೆ. ಹತ್ತೊಂಬತ್ತು ಅನ್ನುವ ಹೆಸರು ಕೊನೆಯ ಸಲ ಹೇಳಿದ ಮಾತು ಅದು.

"ನಮ್ಮಣ್ಣ ತೆಗೆದಿದ್ದ ಬಾಗ್ಲು," ಅಂದ ನಾಗರಾಜ. "ಇಷ್ಟು ವರ್ಷ ನಮ್ಮಲ್ಲಿ ಯಾರ ಕೈಲೂ ಮುಚ್ಚಾಕಾಗಿರಲಿಲ್ಲ. ಈಕೆ ಮುಚ್ಚವ್ಳೆ."

ಸಾಹೇಬರು ಓದಿದವರು, ಅದು ಹೇಗಾಯಿತು ಅಂತ ನನಗಿಂತ ಚೆನ್ನಾಗಿ ವಿವರಿಸಬಲ್ಲವರು. ವಿವರಿಸಲಿಲ್ಲ. ಆ ಸಾಲನ್ನು ಓದಿ, ಮಂಜುಳಳ ಕೈಯಿಂದ ಗುರುತಿನ ಚೀಟಿ ತಗೊಂಡು ಮತ್ತೆ ಅವಳ ಕೊರಳಿಗೆ ಹಾಕಿದರು.

ಹೊಸಬರಿಗೆ ಹೇಳಬೇಕಾದ ಪಾಠ ಒಂದೇ. ಕಾರ್ಡಿನ ಸ್ವಿಚ್ಚು ಹಾಕಿದ ಮೇಲೆ ಫೋನಿನಲ್ಲಿ ಚಿಕ್ಕ ಬೆಲೆಯ ತುದಿಯಿಂದ ಗಟ್ಟಿಯಾಗಿ ಓದಿ ಹೇಳಿ. ಪರದೆಯಲ್ಲಿ ಸರಿಯಾದ ಹೆಸರು ಬಂತು ಅಂತ ಅತ್ತಲಿಂದ ಕೇಳುವವರೆಗೆ ಏಣಿ ಮುಟ್ಟಬೇಡಿ. ಈಗ ಅದನ್ನು ಕಲಿಸುವವಳು ಮಂಜುಳ. ಮೊದಲನೇ ಸ್ವಿಚ್ಚು ಚಟಾಕು, ಅದರ ಮೇಲೇ ಬೆರಳಿಟ್ಟು ಲಾಭ ಅನ್ನುತ್ತಾಳೆ. ತಾಯಿಗೆ ಮಾತ್ರ ಇನ್ನೂ ಹೇಳಿಲ್ಲವಂತೆ.

ನಾನು ನಿವೃತ್ತನಾದ ಮೇಲೆ ಒಮ್ಮೆ ಪಿಂಚಣಿಯ ಕಾಗದಕ್ಕೆ ಅಂತ ಆ ಕಡೆ ಹೋಗಿದ್ದೆ. ಕಂಟ್ರೋಲ್ ರೂಮಿನ ಬಾಗಿಲು ತಳ್ಳಿದೆ. ನಾಗರಾಜ ಬುತ್ತಿ ಬಿಚ್ಚಿಕೊಂಡು ಉಣ್ಣುತ್ತಿದ್ದ. "ಬರ್ರಿ ಅಣ್ಣ, ಕುಂತ್ಕಳ್ರಿ," ಅಂತ ಅರ್ಧ ರೊಟ್ಟಿ ಮುರಿದು ಕೊಟ್ಟ. ಅವನ ಕುರ್ಚಿ ಪರದೆಗೆ ನೇರವಾಗಿತ್ತು.